ಹನ್ನೊಂದು ಹೆಸರುಗಳು

ಪಂಪಭಾರತದ ಹತ್ತನೆಯ ಆಶ್ವಾಸವನ್ನು ತರಗತಿಯಲ್ಲಿ ಓದಿಸುವುದು ಕನ್ನಡ ಅಧ್ಯಾಪಕನ ಪಾಲಿಗೆ ವರ್ಷಕ್ಕೊಮ್ಮೆ ಬರುವ ಹಬ್ಬ. ದುರ್ಯೋಧನನು ಭೀಷ್ಮನಿಗೆ ಸೇನಾಧಿಪತ್ಯದ ಪಟ್ಟ ಕಟ್ಟುತ್ತಾನೆ. ಕರ್ಣನಿಗೆ ಅದು ಸಹನೆಯಾಗುವುದಿಲ್ಲ. ಈ ವಯೋವೃದ್ಧನನ್ನು ನಂಬಿ ಯುದ್ಧಕ್ಕೆ ಹೊರಡುವುದೇ ಎಂದು ತುಂಬಿದ ಸಭೆಯಲ್ಲಿ ಕೇಳಿಬಿಡುತ್ತಾನೆ. ದ್ರೋಣನು ಕೆರಳಿ ಕುಲದ ಮಾತು ತೆಗೆಯುತ್ತಾನೆ. ಕರ್ಣನು ಅದಕ್ಕೆ ಕೊಡುವ ಉತ್ತರವನ್ನು ಕನ್ನಡ ಬಲ್ಲವರು ಸಾವಿರ ವರ್ಷಗಳಿಂದ ನೆನೆಯುತ್ತಲೇ ಬಂದಿದ್ದಾರೆ. ಎಲ್ಲರೂ ಮಾತಾಡಿ ದಣಿದ ಮೇಲೆ ಭೀಷ್ಮನು ಮೆಲ್ಲನೆ, ಕೋಪವಿಲ್ಲದೆ, ಆ ಮಹಾರಣರಂಗದಲ್ಲಿ ನಿನಗೂ ಸರದಿ ಬರುತ್ತದೆ ಎನ್ನುತ್ತಾನೆ. ಸರದಿಗೆ ಪಂಪನ ಮಾತು ‘ಸೂಳ್’. ಆ ಒಂದು ಮಾತನ್ನು ವಿವರಿಸಲು ನಾನು ಹತ್ತು ನಿಮಿಷ ತೆಗೆದುಕೊಳ್ಳುವುದು ವಾಡಿಕೆ.

2025ರ ಮಾರ್ಚ್ 7ರಂದು ಆ ಹತ್ತು ನಿಮಿಷ ನನಗೆ ದಕ್ಕಲಿಲ್ಲ. ಕೊನೆಯ ಬೆಂಚಿನಲ್ಲಿ ಕೂಡುವ ತರುಣನೊಬ್ಬ, ವರ್ಷವೆಲ್ಲ ತುಟಿ ಬಿಚ್ಚದಿದ್ದವನು, ಎದ್ದು ನಿಂತ.

“ಸರ್, ಕರ್ಣ ಕೇಳಿದ್ದರಲ್ಲಿ ತಪ್ಪೇನಿದೆ? ಸರದಿ ಬರುತ್ತದೆ, ಬರುತ್ತದೆ ಎಂದರೆ ಯಾವಾಗ ಸರ್? ನಲವತ್ತು ವರ್ಷದವರನ್ನೇ ಮತ್ತೆ ಮತ್ತೆ ಕರೆಯುತ್ತಿದ್ದರೆ ಇಪ್ಪತ್ತೆರಡರವನು ಎಲ್ಲಿಗೆ ಹೋಗಬೇಕು?”

ಭೀಷ್ಮನ ವಯಸ್ಸು ನಲವತ್ತೆಂದು ನಾನು ಯಾವ ಟೀಕೆಯಲ್ಲಿಯೂ ಓದಿದ ನೆನಪಿಲ್ಲ. ತರಗತಿಯೆಲ್ಲ ಗೊಳ್ಳೆಂದಿತು. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಕನಿಕರಪಟ್ಟು, “ಸುನಿಲ್ ಛೇತ್ರಿ ವಿಷಯ ಸರ್” ಎಂದು ಪಿಸುಗುಟ್ಟಿದಾಗ ನನಗೆ ಅರ್ಥವಾಯಿತು.

ಆಟದ ಪುಟವನ್ನು ಬಿಡಿಸದೆ ಮಡಿಸಿಡುವ ವಾಚಕರಿಗಾಗಿ ಒಂದೆರಡು ಮಾತು ಇಲ್ಲಿ ಹೇಳಲೇಬೇಕು. ಬೆಂಗಳೂರು ಎಫ್.ಸಿ. ತಂಡ 2013ರಲ್ಲಿ ಹುಟ್ಟಿದಂದಿನಿಂದ ನಮ್ಮ ಊರಿನವರೇ ಆಗಿಹೋಗಿರುವ ಛೇತ್ರಿಯವರು, ಸಿಕಂದರಾಬಾದಿನಲ್ಲಿ ಹುಟ್ಟಿ, 2005ರಲ್ಲಿ ಪಾಕಿಸ್ತಾನದ ಎದುರು ಕ್ವೆಟ್ಟಾದಲ್ಲಿ ದೇಶದ ಪರವಾಗಿ ಮೊದಲ ಪಂದ್ಯವಾಡಿದವರು. ಆ ಪಂದ್ಯದಲ್ಲೇ ಗೋಲು ಹೊಡೆದವರು. 2024ರ ಜೂನ್ 6ರಂದು ಕಲ್ಕತ್ತೆಯ ಸಾಲ್ಟ್ ಲೇಕ್ ಕ್ರೀಡಾಂಗಣದಲ್ಲಿ, ಕುವೈತಿನ ಎದುರು ಗೋಲಿಲ್ಲದೆ ಮುಗಿದ ಪಂದ್ಯದ ತರುವಾಯ, ಕಣ್ಣೀರು ತುಂಬಿಕೊಂಡು ಅವರು ವಿದಾಯ ಹೇಳಿದರು. ಆಗ ಅವರ ಲೆಕ್ಕದಲ್ಲಿ 151 ಪಂದ್ಯಗಳೂ 94 ಗೋಲುಗಳೂ ಇದ್ದವು. ಒಂಬತ್ತು ತಿಂಗಳು ಕಳೆಯಿತು. 2025ರ ಮಾರ್ಚ್ 6ರಂದು ಅವರು ಹಿಂದಿರುಗುತ್ತಾರೆಂಬ ಪ್ರಕಟಣೆ ಹೊರಬಿತ್ತು. ಅದೇ ಮಾರ್ಚ್ 25ಕ್ಕೆ ಶಿಲ್ಲಾಂಗಿನಲ್ಲಿ ಬಾಂಗ್ಲಾದೇಶದ ಎದುರು ಏಷ್ಯಾ ಕಪ್ಪಿನ ಅರ್ಹತಾ ಪಂದ್ಯ. ಭಾರತ, ಬಾಂಗ್ಲಾದೇಶ, ಹಾಂಗ್‌ಕಾಂಗ್, ಸಿಂಗಪುರ ಈ ನಾಲ್ಕರ ಗುಂಪಿನಲ್ಲಿ ಮೊದಲ ಸ್ಥಾನ ಪಡೆದವರಿಗೆ ಮಾತ್ರ 2027ರಲ್ಲಿ ಸೌದಿ ಅರೇಬಿಯಕ್ಕೆ ಪ್ರವೇಶ. ಎರಡನೆಯವರಿಗೆ ಏನೂ ಇಲ್ಲ.

ನಾನು ಆಸ್ಟಿನ್ ಟೌನಿನ ಮೈದಾನಕ್ಕೆ ಕೂಗಳತೆಯಲ್ಲಿ ವಾಸಿಸುವವನು. ಬೆಂಗಳೂರಿನಲ್ಲಿ ಕ್ರಿಕೆಟ್ಟಿಗೆ ಸೇರಿದ ಬೀದಿಗಳಿವೆ, ಕಾಲ್ಚೆಂಡಿಗೆ ಸೇರಿದ ಬೀದಿಗಳೂ ಇವೆ. (ಕಾಲ್ಚೆಂಡು ಎಂಬುದು ಪತ್ರಿಕೆಯವರ ಮಾತು. ನಮ್ಮ ಬೀದಿಯಲ್ಲಿ ಆ ಮಾತನ್ನಾಡಿದರೆ ಹುಡುಗರು ನಗುತ್ತಾರೆ. ಫುಟ್‌ಬಾಲ್ ಎನ್ನುವಷ್ಟು ಪುರಸೊತ್ತೂ ಅವರಿಗಿಲ್ಲ, ‘ಬಾಲ್ ಆಡೋದು’ ಎಂದರೆ ಇದೇ ಆಟ.) ಆಸ್ಟಿನ್ ಟೌನ್, ಹಲಸೂರಿನ ಪಕ್ಕದ ಗೌತಮಪುರ, ಇವೆಲ್ಲ ಎರಡನೆಯ ಬಗೆಯ ಬೀದಿಗಳು. ಗೌತಮಪುರದಲ್ಲಿ ಬ್ರೆಜಿಲಿನ ಪೆಲೆಗೆ ಪ್ರತಿಮೆಯನ್ನೇ ನಿಲ್ಲಿಸಿದ್ದಾರೆ. ನಮ್ಮ ಮೈದಾನದ ಎದುರಿನ ಟೀ ಅಂಗಡಿಯಲ್ಲಿ ಪ್ರತಿಮೆಯಿಲ್ಲ. ಅದರ ಬದಲು ಒಬ್ಬ ಯಜಮಾನರಿದ್ದಾರೆ. ಎಪ್ಪತ್ತೆಂಟು ವರ್ಷ. ಒಂದು ಕಾರ್ಖಾನೆಯ ತಂಡಕ್ಕೆ ಹದಿಮೂರು ವರ್ಷ ಸೆಂಟರ್ ಫಾರ್ವರ್ಡ್ ಆಗಿ ಆಡಿದವರು. ಮಂಡಿ ಎರಡೂ ಹೋಗಿವೆ, ಬಲಗಣ್ಣಿಗೆ ಪೊರೆ ಬಂದಿದೆ. ನಾಲಗೆಗೆ ಏನೂ ಆಗಿಲ್ಲ.

ಆ ಸಂಜೆ ಅಂಗಡಿಗೆ ಹೋದಾಗ ನನ್ನ ಕೊನೆಯ ಬೆಂಚಿನ ತರುಣನೂ ಅಲ್ಲೇ ಇದ್ದ. ಅವನು ಯಜಮಾನರನ್ನು ‘ತಾತ’ ಎನ್ನುತ್ತಿದ್ದ. ಅವರು ಅವನನ್ನು ‘ಮಗಾ’ ಎನ್ನುತ್ತಿದ್ದರು. ನನ್ನನ್ನು ಕಂಡು ಅವನು ಕೈಯಲ್ಲಿದ್ದ ಲೋಟವನ್ನು ಬಚ್ಚಿಡಲು ಹೋದ, ಟೀ ಕುಡಿಯುವುದೂ ಅಪರಾಧವೆಂಬಂತೆ.

“ಬನ್ನಿ ಮೇಷ್ಟ್ರೇ,” ಎಂದರು ಯಜಮಾನರು. “ಹನ್ನೊಂದು ಹೆಸರು ಬರೀತಿದ್ದೀವಿ. ನೀವೂ ಬರೀರಿ.”

ಅಂದಿನಿಂದ ಮೂರು ವಾರ ಆ ಅಂಗಡಿಯಲ್ಲಿ ನಡೆದದ್ದನ್ನು ವಿಚಾರಗೋಷ್ಠಿ ಎಂದು ಕರೆದರೆ ನಾನು ಹಾಜರಿದ್ದ ಅನೇಕ ವಿಚಾರಗೋಷ್ಠಿಗಳಿಗೆ ಅವಮಾನವಾದೀತು. ಅಲ್ಲಿ ಯಾರೂ ನಿದ್ದೆಹೋಗಲಿಲ್ಲ. ಶಾಲೆಯ ಲೆಕ್ಕದ ಪುಸ್ತಕದಿಂದ ಹರಿದ ಹಾಳೆ, ಅಂಗಡಿಯವನ ಪೆನ್ಸಿಲು, ಹಾಳೆಯ ಮೇಲೆ ಹನ್ನೊಂದು ಚುಕ್ಕೆ. ಗೋಲಿನ ಕಾವಲಿಗೆ ಅಮ್ರಿಂದರೋ ವಿಶಾಲ್ ಕೈತೋ ಎಂಬಲ್ಲಿಂದ ಜಗಳ ಮೊದಲು. ಸಂದೇಶ್ ಜಿಂಗಾನ್ ಹೆಸರಿಗೆ ಯಾರ ತಕರಾರೂ ಇಲ್ಲ. ನಡುವೆ ಅಪುಯ, ಸುರೇಶ್, ಜೀಕ್ಸನ್, ಆಯುಷ್ ಇವರಲ್ಲಿ ಯಾರನ್ನು ಬಿಡಬೇಕೆಂಬ ಬಗ್ಗೆ ಒಂದು ಸಂಜೆಯೇ ಹೋಯಿತು. ಪಟ್ಟಿಯಲ್ಲಿ ಇರ್ಫಾನ್ ಯಾದವಾಡ ಎಂಬ ಹೆಸರು ಕಂಡು ನನ್ನ ಕಿವಿ ನಿಮಿರಿತು: ಗೋವೆಯ ಹುಡುಗ, ಆದರೆ ಯಾದವಾಡ ನಮ್ಮ ಬೆಳಗಾವಿ ಜಿಲ್ಲೆಯ ಊರಿನ ಹೆಸರಲ್ಲವೇ! ಅಡ್ಡಹೆಸರಿನ ಮೇಲೆ ಆಟಗಾರನನ್ನು ಆರಿಸಬೇಕೆಂಬ ನನ್ನ ಸಲಹೆಯನ್ನು ಸಭೆ ಒಕ್ಕೊರಲಿನಿಂದ ತಳ್ಳಿಹಾಕಿತು.

ಎಲ್ಲ ಜಗಳಗಳೂ ಕೊನೆಗೆ ಬಂದು ಸೇರುತ್ತಿದ್ದುದು ಹಾಳೆಯ ತುತ್ತತುದಿಯ ಒಂದು ಚುಕ್ಕೆಗೆ. ಎದುರಾಳಿಯ ಗೋಲಿನ ಮುಂದೆ ನಿಲ್ಲುವವನು ಯಾರು?

ಯಜಮಾನರ ವಾದ ಅಂಕಗಣಿತದ್ದು. 2024ರಲ್ಲಿ ಭಾರತ ಆಡಿದ ಪಂದ್ಯಗಳು ಹನ್ನೊಂದು, ಗೆದ್ದದ್ದು ಸೊನ್ನೆ, ಹೊಡೆದ ಗೋಲು ನಾಲ್ಕು. ಛೇತ್ರಿಯವರು ಹೋದ ಬಳಿಕ ಹೊಸ ತರಬೇತುದಾರ, ಸ್ಪೇನಿನ ಮನೋಲೋ ಮಾರ್ಕೇಜ್, ನಡೆಸಿದ ಪಂದ್ಯಗಳು ನಾಲ್ಕು. ಮಾರಿಷಸ್ ಎದುರು ಗೋಲಿಲ್ಲ. ಸಿರಿಯ ಎದುರು ಮೂರು ಗೋಲಿನ ಸೋಲು. ವಿಯೆಟ್ನಾಮಿನ ಎದುರೂ ಮಲೇಷಿಯದ ಎದುರೂ ಒಂದೊಂದು ಗೋಲಿನ ಸಮಬಲ. ಅದರಲ್ಲೂ ಮಲೇಷಿಯದ ಎದುರು ಗೋಲು ಹೊಡೆದವರು ರಾಹುಲ್ ಭೇಕೆ, ಹಿಂದೆ ನಿಂತು ಕಾಯುವ ಆಟಗಾರ. “ಹಿತ್ತಿಲು ಕಾಯೋನು ಬಂದು ಅಂಗಳದಲ್ಲಿ ಪೂಜೆ ಮಾಡೋ ಹಾಗಾಯ್ತು,” ಎಂದರು ಯಜಮಾನರು. ಇತ್ತ ಛೇತ್ರಿಯವರು ಅದೇ ಋತುವಿನ ಇಂಡಿಯನ್ ಸೂಪರ್ ಲೀಗಿನಲ್ಲಿ ಭಾರತೀಯರ ಪೈಕಿ ಎಲ್ಲರಿಗಿಂತ ಹೆಚ್ಚು ಗೋಲು ಹೊಡೆದಿದ್ದರು. 2024ರ ಡಿಸೆಂಬರಿನಲ್ಲಿ ಕಂಠೀರವ ಕ್ರೀಡಾಂಗಣದಲ್ಲಿ ಕೇರಳದವರ ಎದುರು ಒಂದೇ ಪಂದ್ಯದಲ್ಲಿ ಮೂರು. “ಹೊಡೆಯೋನನ್ನ ಮನೇಲಿ ಕೂರಿಸಿ, ಹೊಡೀದೇ ಇರೋನಿಗೆ ವಯಸ್ಸು ಚಿಕ್ಕದು ಅಂತ ಅಂಗಿ ಕೊಡೋದಾ? ಬಾಲ್‌ಗೆ ಜಾತಕ ಓದಕ್ಕೆ ಬರಲ್ಲ ಮಗಾ.”

ತರುಣನ ವಾದ ಬೇರೆ. ಅದು ಮೊದಲು ಕೇಳಿದಾಗ ಉದ್ಧಟತನದಂತೆ ತೋರಿತು. ಕೇಳುತ್ತ ಹೋದಂತೆ ನನಗೆ ಅದರ ಒಳಗು ಕಾಣತೊಡಗಿತು. ಛೇತ್ರಿಯವರ ಮೇಲೆ ಅವನಿಗೆ ಕಿಂಚಿತ್ತೂ ಅನಾದರವಿಲ್ಲ. ಹನ್ನೆರಡು ವರ್ಷದವನಿದ್ದಾಗಿನಿಂದ ಕಂಠೀರವದ ಪಶ್ಚಿಮದ ಮೆಟ್ಟಿಲುಗಳಲ್ಲಿ ನೀಲಿ ಅಂಗಿ ತೊಟ್ಟು ಗಂಟಲು ಹರಿದುಕೊಂಡವನು ಅವನು. ಅವನ ದೂರು ಆ ಚುಕ್ಕೆಯ ಬಗ್ಗೆ. ಲೀಗಿನಲ್ಲಿ ಪ್ರತಿಯೊಂದು ತಂಡವೂ ನಾಲ್ವರು ವಿದೇಶೀಯರನ್ನು ಏಕಕಾಲಕ್ಕೆ ಮೈದಾನಕ್ಕೆ ಇಳಿಸಬಹುದು. ಹಣ ಕೊಟ್ಟು ತಂದವನನ್ನು ಯಾರೂ ಹಿಂದೆ ನಿಲ್ಲಿಸುವುದಿಲ್ಲ. ಗೋಲಿನ ಮುಂದೆಯೇ ನಿಲ್ಲಿಸುತ್ತಾರೆ. ನಮ್ಮ ಹುಡುಗ ಫಾರ್ವರ್ಡ್ ಆಗಿ ಹುಟ್ಟಿದ್ದರೆ ಅವನನ್ನು ಬದಿಗೆ ದೂಡುತ್ತಾರೆ, ಇಲ್ಲವೇ ಬ್ಯಾಕ್ ಮಾಡುತ್ತಾರೆ, ಇಲ್ಲವೇ ಎಂಬತ್ತೈದನೆಯ ನಿಮಿಷಕ್ಕೆ ಇಳಿಸುತ್ತಾರೆ. ಹೀಗೆ ಹತ್ತು ವರ್ಷ ನಡೆದ ಮೇಲೆ ದೇಶದ ತಂಡಕ್ಕೆ ಸೆಂಟರ್ ಫಾರ್ವರ್ಡ್ ಬೇಕೆಂದು ಹುಡುಕಿದರೆ ನಲವತ್ತು ವರ್ಷದವರಲ್ಲದೆ ಇನ್ಯಾರು ಸಿಕ್ಕಾರು?

“ತಾತ, ನೀವು ಹೇಳೋದು ನಿಜ. ಇವತ್ತು ಅವರೇ ಒಳ್ಳೇ ಆಟಗಾರ. ಇವತ್ತು ಅವರನ್ನ ಕರೆದರೆ ನಾಳೆ ಯಾರನ್ನೂ ತಯಾರು ಮಾಡಲ್ಲ. ನಾಳೆ ಮತ್ತೆ ಅವರೇ ಒಳ್ಳೇ ಆಟಗಾರ. ಅದು ಮುಗಿಯೋದು ಯಾವಾಗ?”

“ಅರ್ಹತಾ ಪಂದ್ಯ ಪಾಠಶಾಲೆ ಅಲ್ಲ ಮಗಾ. ಅಲ್ಲಿ ಕಲಿಯೋ ಹಾಗಿಲ್ಲ. ಗೆಲ್ಲಬೇಕು.”

“ಕಲಿಯೋದು ಎಲ್ಲಿ, ತಾತ?”

ಯಜಮಾನರು ಟೀ ಲೋಟವನ್ನು ಸ್ವಲ್ಪ ಹೊತ್ತು ತಿರುಗಿಸುತ್ತ ಕುಳಿತರು. ಆಮೇಲೆ, ಉತ್ತರವಿಲ್ಲದಾಗ ಹಿರಿಯರು ಮಾಡುವಂತೆ, ಇತಿಹಾಸಕ್ಕೆ ಹೋದರು.

ಆ ಇತಿಹಾಸದ ಭಾಗ್ಯವನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ. ನಮ್ಮ ಊರಿನ ಕೀರ್ತಿ ನಮ್ಮ ಹುಡುಗರಿಗೇ ತಿಳಿಯದು. ಬೊಂಬಾಯಿಯ ರೋವರ್ಸ್ ಕಪ್ಪನ್ನು ಅಂದಿನ ಬ್ರಿಟಿಷ್ ಪಲ್ಟನುಗಳ ಕೈಯಿಂದ ಮೊತ್ತಮೊದಲು ಕಿತ್ತುಕೊಂಡ ಭಾರತೀಯ ತಂಡ 1937ರ ಬೆಂಗಳೂರು ಮುಸ್ಲಿಮ್ಸ್. ಮರುವರ್ಷವೂ ಅವರೇ. 1948ರ ಲಂಡನ್ ಒಲಿಂಪಿಕ್ಸಿನಲ್ಲಿ, ಸ್ವತಂತ್ರ ಭಾರತದ ತಂಡದ ಬಹುಪಾಲು ಆಟಗಾರರು ಬರಿಗಾಲಿನಲ್ಲಿ ಇಳಿದು ಫ್ರಾನ್ಸನ್ನು ಕೊನೆಯ ನಿಮಿಷಗಳವರೆಗೆ ತಡೆದು ನಿಲ್ಲಿಸಿದಾಗ, ನಮ್ಮ ಏಕೈಕ ಗೋಲು ಹೊಡೆದವರು ಮೈಸೂರು ಸಂಸ್ಥಾನದ ಸಾರಂಗಪಾಣಿ ರಾಮನ್. ಎರಡು ಪೆನಾಲ್ಟಿ ತಪ್ಪಿ ಎರಡಕ್ಕೊಂದರಂತೆ ಸೋತೆವು. 1952ರಲ್ಲಿ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯದವರು ನಮ್ಮ ಮೇಲೆ ಹತ್ತು ಗೋಲು ಹೇರಿದಾಗ ಮಾನ ಉಳಿಸುವ ಒಂದು ಗೋಲು ಹೊಡೆದವರು ಬೆಂಗಳೂರಿನ ಅಹ್ಮದ್ ಖಾನ್, ಕಲ್ಕತ್ತೆಯ ಈಸ್ಟ್ ಬೆಂಗಾಲಿನ ‘ಪಂಚಪಾಂಡವ’ರಲ್ಲಿ ಒಬ್ಬರು. 1956 ಮತ್ತು 1960ರ ಒಲಿಂಪಿಕ್ಸಿಗೆ ಹೋದ ಕೆಂಪಯ್ಯನವರೂ ನಮ್ಮವರೇ. ಮೆಲ್ಬರ್ನಿನಲ್ಲಿ ಆ ತಂಡ ನಾಲ್ಕನೆಯ ಸ್ಥಾನ ಪಡೆಯಿತು. ಮೈಸೂರು ತಂಡ ಸಂತೋಷ್ ಟ್ರೋಫಿಯನ್ನು ನಾಲ್ಕು ಸಲ ಗೆದ್ದಿತು, ನಾಲ್ಕನೆಯದು 1968-69ರಲ್ಲಿ. ಐದನೆಯದಕ್ಕೆ 2023ರವರೆಗೆ, ಅದೂ ಸೌದಿಯ ರಿಯಾದಿನಲ್ಲಿ ಮೇಘಾಲಯವನ್ನು ಮಣಿಸುವವರೆಗೆ, ಕಾಯಬೇಕಾಯಿತು.

ಯಜಮಾನರು ಇದನ್ನೆಲ್ಲ ಹೇಳುವಾಗ ಇಸವಿ ತಪ್ಪುವುದಿಲ್ಲ, ಹೆಸರು ತಪ್ಪುವುದಿಲ್ಲ. ಅಹ್ಮದ್ ಖಾನರು 2017ರಲ್ಲಿ ತೀರಿಕೊಂಡಾಗ ಮೂರು ದಿನ ಅಂಗಡಿಗೆ ಬರಲಿಲ್ಲವಂತೆ.

ಆದರೆ ಅವರ ನಿಜವಾದ ಬ್ರಹ್ಮಾಸ್ತ್ರ 1962ರ ಜಕಾರ್ತ. ಅಲ್ಲಿಯ ಏಷ್ಯನ್ ಕ್ರೀಡಾಕೂಟದಲ್ಲಿ ಜರ್ನೈಲ್ ಸಿಂಗರ ತಲೆ ಒಡೆದು ಹೊಲಿಗೆ ಬಿದ್ದಿತ್ತು. ಅವರು ಹಿಂದೆ ನಿಂತು ಕಾಯುವ ಸ್ಟಾಪರ್. ತರಬೇತುದಾರ ರಹೀಮ್ ಸಾಹೇಬರು, ತಾವೇ ಕ್ಯಾನ್ಸರಿನಿಂದ ನವೆಯುತ್ತಿದ್ದವರು, ಈ ತಲೆಗೆ ಪಟ್ಟಿ ಸುತ್ತಿದ ಮನುಷ್ಯನನ್ನು ತಂಡದಿಂದ ಬಿಡಲೂ ಇಲ್ಲ, ಅವನ ಜಾಗದಲ್ಲಿ ಆಡಿಸಲೂ ಇಲ್ಲ. ಸೆಂಟರ್ ಫಾರ್ವರ್ಡ್ ಮಾಡಿ ಮುಂದಕ್ಕೆ ಕಳಿಸಿದರು. ಜರ್ನೈಲ್ ಸಿಂಗ್ ದಕ್ಷಿಣ ವಿಯೆಟ್ನಾಮಿನ ಎದುರು ಸೆಮಿಫೈನಲಿನಲ್ಲೂ ಗೋಲು ಹೊಡೆದರು, ದಕ್ಷಿಣ ಕೊರಿಯದ ಎದುರು ಫೈನಲಿನಲ್ಲೂ ಹೊಡೆದರು. ಭಾರತಕ್ಕೆ ಚಿನ್ನ. ರಹೀಮ್ ಸಾಹೇಬರು ಮರುವರ್ಷ ಜೂನಿನಲ್ಲಿ ಕಣ್ಮುಚ್ಚಿದರು.

“ಅವತ್ತು ನನಗೆ ಹದಿನೈದು ವರ್ಷ. ಪೇಪರ್‌ನಲ್ಲಿ ಓದಿ ಹುಚ್ಚನ ಹಾಗೆ ಓಡಾಡಿದೆ,” ಎಂದರು ಯಜಮಾನರು. “ಆರಿಸೋದು ಅಂದ್ರೆ ಅದು. ಯಾರಿಗೆ ಎಷ್ಟು ವಯಸ್ಸು, ಯಾರ ಜಾಗ ಯಾವುದು ಅಂತ ನೋಡೋದಲ್ಲ. ಅವತ್ತು ಯಾರು ಬೇಕು ಅಂತ ನೋಡೋದು.”

ತರುಣನು, “ಜರ್ನೈಲ್ ಸಿಂಗ್‌ಗೆ ಆಗ ನಲವತ್ತಾಗಿರಲಿಲ್ಲವಲ್ಲ ತಾತ,” ಎಂದ. ಅವನನ್ನು ಗೆಲ್ಲುವುದು ಸುಲಭವಾಗಿರಲಿಲ್ಲ.

ಅವನು ಎದ್ದುಹೋದ ಮೇಲೆ ಯಜಮಾನರು ನನಗೊಂದು ಸಂಗತಿ ಹೇಳಿದರು. ಹುಡುಗ ಊರಿನ ಸಣ್ಣ ಕ್ಲಬ್ಬೊಂದರಲ್ಲಿ ಆಡುತ್ತಾನೆ. ಹುಟ್ಟಾ ಸೆಂಟರ್ ಫಾರ್ವರ್ಡ್. ಆ ವರ್ಷ ಕ್ಲಬ್ಬಿಗೆ ಮೂವತ್ತಾರು ವರ್ಷದ ಹಳಬನೊಬ್ಬ ಬಂದು ಸೇರಿದ್ದಾನೆ. ದೊಡ್ಡ ತಂಡಗಳಲ್ಲಿ ಆಡಿ ಇಳಿದು ಬಂದವನು. ಹುಡುಗನನ್ನು ಬಲಬದಿಯ ಬ್ಯಾಕ್ ಮಾಡಿದ್ದಾರೆ. “ಹಾಗಾಗಿ ಅವನಿಗೆ ಛೇತ್ರಿ ಮೇಲೆ ಕೋಪ. ತಪ್ಪಿಲ್ಲ ಬಿಡಿ. ನನ್ನನ್ನೂ ಒಂದು ಸಲ ಬಿಟ್ಟರು. ಟ್ರಯಲ್ಸ್‌ಗೆ ಕರೆದಿದ್ದರು, ನಾಲ್ಕು ದಿನ ಆಡಿಸಿದರು, ಐದನೇ ದಿನ ಗೋಡೆಗೆ ಪಟ್ಟಿ ಅಂಟಿಸಿದರು. ಹದಿನಾರು ಹೆಸರು. ನಂದು ಹದಿನೇಳನೇದು ಇರಬೇಕು. ಹದಿನೇಳನೇ ಹೆಸರು ಯಾರೂ ಬರೆಯಲ್ಲ ನೋಡಿ, ಅದಕ್ಕೇ ಗೊತ್ತಾಗಲಿಲ್ಲ.”

“ಹಾಗಿದ್ದೂ ನೀವು ಹಳಬರ ಪರವೇ?”

“ನನ್ನ ಜಾಗಕ್ಕೆ ಹೋದೋನು ನನಗಿಂತ ಒಳ್ಳೇ ಆಟಗಾರ ಮೇಷ್ಟ್ರೇ. ಅದೇ ಕಷ್ಟ.”

ಆ ರಾತ್ರಿ ನನಗೆ ಬೇಗ ನಿದ್ದೆ ಬರಲಿಲ್ಲ. ಆರಿಸುವ ಕೆಲಸವನ್ನು ನಾನೂ ಒಂದು ಸಲ ಮಾಡಿದ್ದೇನೆ. ಹಿಂದೆ ನಾನಿದ್ದ ಕಾಲೇಜೊಂದರಲ್ಲಿ ಹಳಗನ್ನಡ ಪಾಠಕ್ಕೆ ಜನವಿರಲಿಲ್ಲ. ನಿವೃತ್ತರಾದ ಹಿರಿಯರೊಬ್ಬರನ್ನು ಮತ್ತೆ ಕರೆತರೋಣವೆಂದು ಸೂಚನೆ ಬಂದಿತು. ಅವರು ನನಗೂ ಗುರುಗಳು. ಪಂಪನನ್ನು ಅವರು ಓದಿದರೆ ಕಿಟಕಿಯ ಹೊರಗೆ ಹೋಗುವವರೂ ನಿಲ್ಲುತ್ತಿದ್ದರು. ಅವರಿಗೆ ಕೊಡಬೇಕಾದ ಗಂಟೆಗಳು ಎಲ್ಲಿಂದಾದರೂ ಬರಬೇಕಷ್ಟೆ. ಅತಿಥಿ ಉಪನ್ಯಾಸಕನಾಗಿದ್ದ ತರುಣನೊಬ್ಬನ ಹದಿನಾರು ಗಂಟೆಗಳು ಎಂಟಾದವು. ಕಾಗದಕ್ಕೆ ರುಜು ಹಾಕಿದವರಲ್ಲಿ ನಾನೂ ಒಬ್ಬ. ತರುಣನು ನನ್ನನ್ನು ಏನೂ ಕೇಳಲಿಲ್ಲ. ವರ್ಷ ತುಂಬುವ ಮುನ್ನ ಊರಿಗೆ ಹೋಗಿ ಬೇರೆ ಉದ್ಯೋಗ ಹಿಡಿದನೆಂದು ತಿಳಿಯಿತು. ಗುರುಗಳು ಎರಡು ವರ್ಷ ಅಮೋಘವಾಗಿ ಪಾಠ ಹೇಳಿದರು, ವಿದ್ಯಾರ್ಥಿಗಳ ಭಾಗ್ಯ. ಆಮೇಲೆ ಅವರ ಆರೋಗ್ಯ ಕೆಟ್ಟಿತು. ಮರುವರ್ಷ ಹತ್ತನೆಯ ಆಶ್ವಾಸವನ್ನು ಯಾರು ಓದಿಸಬೇಕೆಂದು ನಾವು ಮುಖ ಮುಖ ನೋಡಿಕೊಂಡೆವು.

ನಮ್ಮ ಆಯ್ಕೆ ತಪ್ಪೆಂದು ಇಂದಿಗೂ ನನ್ನಿಂದ ಹೇಳಲಾಗುವುದಿಲ್ಲ. ಸರಿಯೆಂದು ಹೇಳಲು ಹೋದರೆ ಆ ತರುಣನ ಮುಖ ನೆನಪಿಗೆ ಬರುತ್ತದೆ.

ಮಾರ್ಚ್ 19ರಂದು ಶಿಲ್ಲಾಂಗಿನಲ್ಲಿ ಮಾಲ್ಡೀವ್ಸ್ ಎದುರು ಸ್ನೇಹಪಂದ್ಯ. ಮೂರು ಗೋಲಿನ ಗೆಲುವು. 2023ರ ನವೆಂಬರಿನಿಂದೀಚೆಗೆ ಮೊದಲನೆಯದು. ಮೊದಲ ಗೋಲು ಭೇಕೆಯವರದು, ಎರಡನೆಯದು ಲಿಸ್ಟನ್ ಕೊಲಾಸೊ ಅವರದು. ಮೂರನೆಯದು, ತಲೆಯಿಂದ, ಛೇತ್ರಿಯವರದು: ತೊಂಬತ್ತೈದನೆಯದು. ದೇಶಗಳ ಪಂದ್ಯಗಳಲ್ಲಿ ಅವರಿಗಿಂತ ಹೆಚ್ಚು ಗೋಲು ಹೊಡೆದ ಪುರುಷರು ಲೋಕದಲ್ಲಿ ಮೂವರೇ: ರೊನಾಲ್ಡೊ, ಮೆಸ್ಸಿ, ಇರಾನಿನ ಅಲಿ ದಾಯಿ. ಯಜಮಾನರು ಅಂಗಡಿಯಲ್ಲಿದ್ದವರಿಗೆಲ್ಲ ತಮ್ಮ ಲೆಕ್ಕದಲ್ಲಿ ಟೀ ಕುಡಿಸಿದರು. ತರುಣನೂ ಕುಡಿದ. ಗೋಲು ಬಿದ್ದ ಕ್ಷಣದಲ್ಲಿ ಎಲ್ಲರಿಗಿಂತ ಮೊದಲು ಎದ್ದು ಕೂಗಿದವನು ಅವನೇ ಎಂಬುದನ್ನು ನಾನು ಗಮನಿಸದವನಂತೆ ಇದ್ದುಬಿಟ್ಟೆ.

ಇನ್ನೊಂದು ಜಗಳವನ್ನೂ ಇಲ್ಲಿ ಹೇಳದಿದ್ದರೆ ತಪ್ಪಾದೀತು. ಬಾಂಗ್ಲಾದೇಶದವರು ಆ ಪಂದ್ಯಕ್ಕೆ ಹಮ್ಜಾ ಚೌಧುರಿಯವರನ್ನು ಕರೆತರುತ್ತಿದ್ದರು, ಇಂಗ್ಲೆಂಡಿನಲ್ಲಿ ಹುಟ್ಟಿ, ಲೆಸ್ಟರ್ ಸಿಟಿಯಲ್ಲಿ ಬೆಳೆದ ಆಟಗಾರ, ತಾಯಿ ಬಂಗಾಳಿ. ನಮ್ಮಲ್ಲಿ ಭಾರತದ ಪಾಸ್‌ಪೋರ್ಟ್ ಇಲ್ಲದವರು ದೇಶದ ಪರ ಆಡುವಂತಿಲ್ಲ. ಎರಡು ಪೌರತ್ವ ನಮ್ಮ ಕಾನೂನಿನಲ್ಲಿಲ್ಲ. ಜಪಾನಿನಲ್ಲಿ ಹುಟ್ಟಿದ ಅರಾತಾ ಇಜುಮಿ ತಮ್ಮ ಪೌರತ್ವವನ್ನೇ ಬಿಟ್ಟುಕೊಟ್ಟು 2013ರಲ್ಲಿ ನಮ್ಮ ಅಂಗಿ ತೊಟ್ಟರು. ಅಂಥವರು ಎಷ್ಟು ಮಂದಿ ಸಿಕ್ಕಾರು? ಹೊರಗಿನಿಂದ ತರಬೇಕೆನ್ನುವವರೂ ಒಳಗೇ ಬೆಳೆಸಬೇಕೆನ್ನುವವರೂ ಅಂಗಡಿಯಲ್ಲಿ ಸಮಸಮವಾಗಿದ್ದರು. ಸೋಜಿಗವೆಂದರೆ ಈ ವಿಷಯದಲ್ಲಿ ತಾತ ಮೊಮ್ಮಕ್ಕಳಂತಿದ್ದ ಇಬ್ಬರೂ ಒಂದೇ ಪಕ್ಷ. ಆಸ್ಟಿನ್ ಟೌನಿನಲ್ಲಿ ಹುಡುಗರಿಗೇನು ಬರವೇ ಎಂಬುದು ಇಬ್ಬರ ಸವಾಲು.

25ರ ಸಂಜೆ ಏಳಕ್ಕೆ ಆಟ. ಅಂಗಡಿಯವನು ಮನೆಯ ದೂರದರ್ಶನವನ್ನೇ ತಂದು ಹಲಗೆಯ ಮೇಲಿಟ್ಟಿದ್ದ. ಲೋಕದ ಪಟ್ಟಿಯಲ್ಲಿ ಭಾರತ 126, ಬಾಂಗ್ಲಾದೇಶ 185. ಗೆಲುವಿನ ಬಗ್ಗೆ ಸಂದೇಹವೇ ಬೇಡವೆಂದು ಬಂದವರೇ ಬಹಳ. ಮೊದಲ ನಿಮಿಷದಲ್ಲೇ ನಮ್ಮ ಗೋಲ್‌ಕೀಪರ್ ಕೈತ್ ಚೆಂಡನ್ನು ನೇರವಾಗಿ ಎದುರಾಳಿಯ ಕಾಲಿಗೆ ಕೊಟ್ಟರು. ಅದು ಗೋಲಾಗದೆ ಉಳಿದದ್ದು ಪುಣ್ಯ. ಆ ಮೇಲೆ ತೊಂಬತ್ತು ನಿಮಿಷ ನಾವು ನೋಡಿದ್ದು ಹನ್ನೊಂದು ಮಂದಿಯ ಗಡಿಬಿಡಿ. ಹಮ್ಜಾ ನಡುಮೈದಾನದಲ್ಲಿ ತೂಗುಯ್ಯಾಲೆಯಲ್ಲಿ ಕುಳಿತವರಂತೆ ನಿಶ್ಚಿಂತರಾಗಿದ್ದರು. ಛೇತ್ರಿಯವರಿಗೆ ತಲೆಯಿಂದ ಹೊಡೆಯುವ ಒಳ್ಳೆಯ ಅವಕಾಶವೊಂದು ಬಂದಿತು. ಗೋಲಾಗಲಿಲ್ಲ. ಸೊನ್ನೆ-ಸೊನ್ನೆ. ಮಾರ್ಕೇಜರು ಪತ್ರಕರ್ತರ ಮುಂದೆ ಕೋಪವನ್ನು ಮುಚ್ಚಿಡಲಿಲ್ಲವೆಂದು ಮರುದಿನ ಓದಿದೆವು.

“ನೋಡಿದಿರಾ?” ಎಂದು ತರುಣ ಹೇಳಲಿಲ್ಲ. ಹೇಳುತ್ತಾನೆಂದು ನಾನು ಕಾದಿದ್ದೆ. ಯಜಮಾನರು ಎದ್ದು ನಿಲ್ಲಲು ಕಷ್ಟಪಡುತ್ತಿದ್ದಾಗ ಅವನು ಕಂಕುಳಿಗೆ ಕೈ ಕೊಟ್ಟು, ಅವರ ಮನೆಯ ತಿರುವಿನವರೆಗೂ ನಡೆಸಿಕೊಂಡು ಹೋದ.

ಅದರ ಮುಂದಿನ ಕಥೆ ಬೇಗ ಹೇಳುವಂಥದು. ಜೂನ್ 10ರಂದು ಹಾಂಗ್‌ಕಾಂಗಿನಲ್ಲಿ, ಕಟ್ಟಕಡೆಯ ಗಳಿಗೆಯಲ್ಲಿ ಬಿದ್ದ ಪೆನಾಲ್ಟಿಯಿಂದ ಸೋಲು. ಮಾರ್ಕೇಜರು ಹೋದರು. ಖಾಲಿದ್ ಜಮೀಲ್ ಬಂದರು; ಮಧ್ಯ ಏಷ್ಯದ ಪಂದ್ಯಾವಳಿಗೆ ಛೇತ್ರಿಯವರನ್ನು ಬಿಟ್ಟೇ ಹೋಗಿ ಮೂರನೆಯ ಸ್ಥಾನ ತಂದರು. ಆಗ ತರುಣನ ಪಕ್ಷದವರಿಗೆ ಒಂದು ತಿಂಗಳ ರಾಜ್ಯ. ಅಕ್ಟೋಬರಿನಲ್ಲಿ ಸಿಂಗಪುರದ ಎದುರಿನ ಎರಡು ಪಂದ್ಯಗಳಿಗೆ ಜಮೀಲರೂ ಛೇತ್ರಿಯವರನ್ನೇ ಕರೆದರು. ಅಲ್ಲಿ ಒಂದು ಸಮ. ಗೋವೆಯ ಫತೋರ್ಡಾದಲ್ಲಿ ಎರಡಕ್ಕೊಂದರ ಸೋಲು. ಅಲ್ಲಿಗೆ ಏಷ್ಯಾ ಕಪ್ಪಿನ ಬಾಗಿಲು ಮುಚ್ಚಿತು. ನವೆಂಬರ್ 18ರಂದು ಢಾಕಾದಲ್ಲಿ ಬಾಂಗ್ಲಾದೇಶ ನಮ್ಮನ್ನು ಸೋಲಿಸಿತು, 2003ರ ಬಳಿಕ ಮೊದಲ ಸಲ. ಬೆಂಗಳೂರು ಎಫ್.ಸಿ.ಯ ರಯಾನ್ ವಿಲಿಯಮ್ಸ್ ಆ ಹೊತ್ತಿಗೆ ಆಸ್ಟ್ರೇಲಿಯದ ಪೌರತ್ವ ತೊರೆದು ಭಾರತೀಯರಾಗಿದ್ದರು. ಆದರೆ ಕಾಗದಪತ್ರ ಪೂರ್ತಿಯಾಗದೆ ಆ ಪಂದ್ಯದಲ್ಲಿ ಆಡಲಿಲ್ಲ. ಹಳಬರಿದ್ದೂ ಸೋತೆವು, ಹಳಬರಿಲ್ಲದೆಯೂ ಸೋತೆವು. ಅಂಗಡಿಯಲ್ಲಿ ಎರಡು ಪಕ್ಷದವರಿಗೂ ಸಾಕಷ್ಟು ಆಧಾರ ಸಿಕ್ಕಿತು.

ಆದರೆ ನನ್ನ ಮನಸ್ಸಿನಲ್ಲಿ ನಿಂತಿರುವುದು ಈ ಯಾವ ಪಂದ್ಯವೂ ಅಲ್ಲ. ಅದೇ ವರ್ಷ ಏಪ್ರಿಲ್ ತಿಂಗಳ ಒಂದು ಸಂಜೆ, ನಮ್ಮ ಮೈದಾನದಲ್ಲಿ ನಡೆದ ಕ್ಲಬ್ ಪಂದ್ಯ. ಯಜಮಾನರು, “ಬನ್ನಿ ಮೇಷ್ಟ್ರೇ, ನಿಮ್ಮ ಕರ್ಣನ್ನ ನೋಡ್ಕೊಂಡು ಬರೋಣ,” ಎಂದು ಕರೆದುಕೊಂಡು ಹೋದರು. ಹುಡುಗ ಬಲಬದಿಯಲ್ಲಿ ಬ್ಯಾಕ್. ಮುಂದೆ ಆ ಮೂವತ್ತಾರರ ಹಳಬ. ನಿಜ ಹೇಳುತ್ತೇನೆ, ಅವನ ಆಟ ನೋಡುವಂತಿತ್ತು. ಓಡುವುದಿಲ್ಲ, ಚೆಂಡು ಬಂದು ಬೀಳುವ ಜಾಗದಲ್ಲಿ ಮೊದಲೇ ನಿಂತಿರುತ್ತಾನೆ. ಹುಡುಗನು ಹಿಂದಿನಿಂದ ಅವನನ್ನೇ ನೋಡುತ್ತಿದ್ದ. ಅವನ ಕಣ್ಣಲ್ಲಿ ಆಗ ಅಸೂಯೆಯಿತ್ತೋ ಅಭ್ಯಾಸವಿತ್ತೋ ದೂರದಿಂದ ತಿಳಿಯಲಿಲ್ಲ.

ಎಪ್ಪತ್ತೈದನೆಯ ನಿಮಿಷದ ಸುಮಾರಿಗೆ ಹಳಬನು ಸೊಂಟದ ಮೇಲೆ ಕೈಯಿಟ್ಟು ನಿಂತ. ಬದಿಗೆ ನಡೆದುಹೋಗಿ ಕೋಚಿಗೆ ಏನೋ ಹೇಳಿ, ಹಿಂದಿರುಗಿ ನೋಡಿ, ನಮ್ಮ ಹುಡುಗನತ್ತ ಕೈ ತೋರಿಸಿದ. ಬ್ಯಾಕ್ ಜಾಗಕ್ಕೆ ಬೇರೊಬ್ಬ ಬಂದ. ಹುಡುಗ ಮುಂದಕ್ಕೆ ಹೋದ.

ಕಾಲುಗಂಟೆ. ಮೊದಲ ಅವಕಾಶದಲ್ಲಿ ಚೆಂಡು ಕಂಬದ ಮೇಲಿಂದ ಹಾರಿ ರಸ್ತೆಗೆ ಬಿತ್ತು. ಆಟೋರಿಕ್ಷಾದವನೊಬ್ಬ ಇಳಿದು ಒದ್ದು ಹಿಂದಕ್ಕೆ ಕಳಿಸಿದ. ಎರಡನೆಯ ಸಲ ಹುಡುಗ ಇಬ್ಬರ ನಡುವೆ ನುಸುಳಿ ಹೊಡೆದದ್ದು ಗೋಲ್‌ಕೀಪರನ ಎದೆಗೆ ಬಡಿದು ಪುಟಿಯಿತು; ಹಿಂದಿನಿಂದ ಬಂದ ಮತ್ತೊಬ್ಬ ಅದನ್ನು ಎಡಗಾಲಿನಿಂದ ಒಳಗೆ ಹಾಕಿದ. ಮೈದಾನದ ಸುತ್ತ ಕೇಕೆ ಎದ್ದಿತು. ಧೂಳಿನಲ್ಲಿ ಹತ್ತು ಮಂದಿ ಒಬ್ಬರ ಮೇಲೊಬ್ಬರು ಬಿದ್ದರು.

ಯಜಮಾನರು ನನ್ನ ತೋಳು ಹಿಡಿದರು. “ಯಾರು ಹೊಡೆದದ್ದು ಮೇಷ್ಟ್ರೇ? ಪೊರೆ, ಏನೂ ಕಾಣಲಿಲ್ಲ.”

ನಾನು ನಮ್ಮ ಹುಡುಗನ ಹೆಸರು ಹೇಳಿದೆ.

ಅವರು ಒಂದು ಕ್ಷಣ ಸುಮ್ಮನಿದ್ದು ನಕ್ಕರು. “ಪಾಠ ಹೇಳೋರು ಸುಳ್ಳು ಹೇಳಬಾರದು. ಒದ್ದ ಸದ್ದು ಎಡಗಾಲಿಂದು. ನಮ್ಮ ಹುಡುಗ ಎಡಗಾಲಲ್ಲಿ ಹೊಡೆಯೋನೇ ಅಲ್ಲ. ಅದನ್ನ ನಾಳೆಯಿಂದ ನಾನು ಕಲಿಸಬೇಕು.” ಅಷ್ಟು ಹೇಳಿ, ಅಂಗಿಯ ಜೇಬಿನಿಂದ ಮಡಿಸಿದ ಹಾಳೆಯನ್ನೂ ತುಂಡು ಪೆನ್ಸಿಲನ್ನೂ ತೆಗೆದು, ನನ್ನ ಕೈಗೆ ಕೊಟ್ಟು, ಹಾಂಗ್‌ಕಾಂಗ್ ಪಂದ್ಯಕ್ಕೆ ಗೋಲ್‌ಕೀಪರ್ ಯಾರು ಎಂದು ಕೇಳಿದರು.